ಗ್ರಾಂಗೆ ಎರಡೂವರೆ ಪಟ್ಟು ಏರಿದೆ, ಲೀಟರ್‌ಗೆ ಏರಿಲ್ಲ: ಕಾಶಿಕಣಗಿಲೆ ಸಸ್ಪೆನ್ಷನ್‌ಗೆ ಎಲಿಸಿಟರ್ ಯಾವಾಗ, ಎಷ್ಟು? (ಚರ್ಚೆ; ಪ್ರತಿ ಭಾಗದ ಮೇಲಿರುವುದು ಬರೆದವರ ಹೆಸರು)

ಹಸಿಕ್ಯಾಲಸ್

ಕಾಶಿಕಣಗಿಲೆ (ಕ್ಯಾಥರಾಂಥಸ್ ರೋಸಿಯಸ್) ಎಲೆಯ ಕ್ಯಾಲಸ್‌ನಿಂದ (ರೂಪುಗೊಳ್ಳದ ಕೋಶಗಳ ಮುದ್ದೆ) ಮಾಡಿದ ಸೆಲ್ ಸಸ್ಪೆನ್ಷನ್ (ದ್ರವದಲ್ಲಿ ತೇಲಿಸಿ ಬೆಳೆಸುವ ಕೋಶಗಳು). ಬೇಕಾಗಿರುವುದು ಅಜ್ಮಲಿಸಿನ್ ಎಂಬ ಆಲ್ಕಲಾಯ್ಡ್ (ಗಿಡ ತಯಾರಿಸುವ, ಸಾರಜನಕವಿರುವ ಸಂಯುಕ್ತ). ಎಂಎಸ್ (ಮುರಶಿಗೆ–ಸ್ಕೂಗ್) ಮೀಡಿಯಾ, ಲೀಟರ್‌ಗೆ ಸುಕ್ರೋಸ್ 30 ಗ್ರಾಂ, ಹಾರ್ಮೋನುಗಳಾಗಿ 2,4-ಡಿ 1 ಮಿ.ಗ್ರಾಂ, ಕೈನೆಟಿನ್ 0.1 ಮಿ.ಗ್ರಾಂ, ಪಿಎಚ್ 5.8. 250 ಮಿ.ಲೀ. ಫ್ಲಾಸ್ಕಿನಲ್ಲಿ 50 ಮಿ.ಲೀ., ಇನಾಕ್ಯುಲಮ್ (ಬಿತ್ತನೆಗೆ ಹಾಕಿದ ಹಳೆಯ ಕಲ್ಚರ್) ಶೇ. 10, ಶೇಕರ್ 110 ಆರ್‌ಪಿಎಂ, 25 ಡಿಗ್ರಿ, ಕತ್ತಲು. ಎಲಿಸಿಟರ್ (ಕೋಶವನ್ನು ಕೆರಳಿಸಿ ಆಲ್ಕಲಾಯ್ಡ್ ಮಾಡಿಸುವ ವಸ್ತು) ಆಗಿ ಮೀಥೈಲ್ ಜಾಸ್ಮೊನೇಟ್ 100 ಮೈಕ್ರೋಮೋಲಾರ್ ಹಾಕಿದ್ದು ಇನಾಕ್ಯುಲೇಟ್ ಮಾಡಿದ ದಿನವೇ. 14ನೇ ದಿನ ಹಾರ್ವೆಸ್ಟ್.

ಕಂಟ್ರೋಲ್: ಒಣತೂಕ ಲೀಟರ್‌ಗೆ 12 ಗ್ರಾಂ, ಅಜ್ಮಲಿಸಿನ್ ಗ್ರಾಂ ಒಣತೂಕಕ್ಕೆ 0.8 ಮಿ.ಗ್ರಾಂ.
ಎಲಿಸಿಟರ್ ಹಾಕಿದ್ದು: ಒಣತೂಕ 5 ಗ್ರಾಂ, ಅಜ್ಮಲಿಸಿನ್ 2.0 ಮಿ.ಗ್ರಾಂ.

ಮೂರು ಪ್ರಶ್ನೆ. ಡೋಸ್ ಹೆಚ್ಚಿಸಬೇಕೇ? ಜೊತೆಗೆ ಸ್ಯಾಲಿಸಿಲಿಕ್ ಆಸಿಡ್ ಕೊಟ್ಟರೆ ಲಾಭವಿದೆಯೇ? ಇದೇ ಕಲ್ಚರ್‌ನಲ್ಲಿ ವಿನ್‌ಬ್ಲಾಸ್ಟಿನ್ (ಇದೇ ಗಿಡದ ಕ್ಯಾನ್ಸರ್ ಔಷಧ) ಬರಿಸುವ ದಾರಿ ಇದೆಯೇ?

ಪೀಕ್_ಏರಿಯಾ

ಮೊದಲು ಗುಣಾಕಾರ ಮಾಡಿ. ಕಂಟ್ರೋಲ್‌ನಲ್ಲಿ 12 × 0.8, ಅಂದರೆ ಲೀಟರ್‌ಗೆ 9.6 ಮಿ.ಗ್ರಾಂ. ಎಲಿಸಿಟರ್ ಫ್ಲಾಸ್ಕಿನಲ್ಲಿ 5 × 2.0, ಅಂದರೆ 10 ಮಿ.ಗ್ರಾಂ. ಗ್ರಾಂ ಲೆಕ್ಕದಲ್ಲಿ ಎರಡೂವರೆ ಪಟ್ಟು ಕಾಣುವ ಏರಿಕೆ ಲೀಟರ್ ಲೆಕ್ಕದಲ್ಲಿ ಏನೂ ಇಲ್ಲ. 14 ದಿನಕ್ಕೆ ಭಾಗಿಸಿದರೆ ದಿನಕ್ಕೆ 0.7 ಮಿ.ಗ್ರಾಂ, ಎರಡೂ ಕಡೆ. ಬರೀ ಗ್ರಾಂ ಅಂಕಿ ತೋರಿಸಿ “ಹೆಚ್ಚಾಯಿತು” ಅನ್ನುವ ವರದಿಗಳಲ್ಲಿ ಒಣತೂಕ ಎಷ್ಟಿತ್ತು ಅಂತ ಹುಡುಕಿ ನೋಡುವುದು ಒಳ್ಳೆಯ ಅಭ್ಯಾಸ.

ಇನ್ನೊಂದು ಮಾತು. ಅಜ್ಮಲಿಸಿನ್ ಮಾತ್ರ ಅಳೆದಿದ್ದೀರಾ? ಜೀವಕೋಶದ ವ್ಯಾಕ್ಯುಯೋಲ್ (ಶೇಖರಣಾ ಚೀಲ) ಒಳಗೆ ಪೆರಾಕ್ಸಿಡೇಸ್ ಎಂಬ ಎಂಜೈಮ್‌ಗಳು ಅಜ್ಮಲಿಸಿನ್ ಅನ್ನು ಸರ್ಪೆಂಟಿನ್ ಆಗಿ ಆಕ್ಸಿಡೈಸ್ ಮಾಡುತ್ತವೆ. ಎಲಿಸಿಟರ್ ಹಾಕಿದಾಗ ಪೆರಾಕ್ಸಿಡೇಸ್ ಕೂಡ ಏರುವುದುಂಟು. ಎರಡನ್ನೂ ಕೂಡಿಸಿ ನೋಡದಿದ್ದರೆ ತಯಾರಾದದ್ದು ಎಷ್ಟು, ಮುಂದೆ ಹೋದದ್ದು ಎಷ್ಟು ಅಂತ ಗೊತ್ತಾಗುವುದಿಲ್ಲ. ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೋಗ್ರಫಿ) ಪ್ಲೇಟನ್ನು 365 ನ್ಯಾನೋಮೀಟರ್ ಯುವಿ ಕೆಳಗೆ ಹಿಡಿದರೆ ಸರ್ಪೆಂಟಿನ್ ನೀಲಿಯಾಗಿ ಹೊಳೆಯುತ್ತದೆ. ಅಷ್ಟು ನೋಡುವುದಕ್ಕೆ ಹತ್ತು ನಿಮಿಷ ಸಾಕು.

ಮೀಡಿಯಾವನ್ನೂ ಚೆಲ್ಲಬೇಡಿ. ಫಿಲ್ಟರ್ ಮಾಡಿದ ದ್ರವದಲ್ಲೂ ಆಲ್ಕಲಾಯ್ಡ್ ಇರುತ್ತದೆ.

ಲ್ಯಾಮಿನಾರ್

ತೊಂದರೆ ಡೋಸ್‌ನ ಅಂಕಿಯಲ್ಲಿಲ್ಲ, ಹಾಕಿದ ದಿನದಲ್ಲಿದೆ. ಜಾಸ್ಮೊನೇಟ್ ಕೋಶ ವಿಭಜನೆಯನ್ನೇ ತಡೆಯುತ್ತದೆ. ಶೂನ್ಯ ದಿನದಲ್ಲಿ ಕೊಟ್ಟರೆ ಬೆಳೆಯಬೇಕಾದ ಕೋಶ ಬೆಳೆಯುವುದೇ ಇಲ್ಲ.

“100 ಮೈಕ್ರೋಮೋಲಾರ್” ಎಂಬುದು ಲೀಟರ್ ಲೆಕ್ಕ. ಕೋಶಕ್ಕೆ ತಟ್ಟುವುದು ತನ್ನ ಪಾಲಿಗೆ ಬಂದ ಲೆಕ್ಕ. 12 ಗ್ರಾಂ ಒಣತೂಕದ ಕಲ್ಚರ್‌ನಿಂದ ಶೇ. 10 ಇನಾಕ್ಯುಲಮ್ ಅಂದರೆ ಶುರುವಿನಲ್ಲಿ ಲೀಟರ್‌ಗೆ 1.2 ಗ್ರಾಂ. ಆಗ ಗ್ರಾಂ ಒಂದಕ್ಕೆ 83 ಮೈಕ್ರೋಮೋಲ್ ಬಿತ್ತು. ಅದೇ 100 ಮೈಕ್ರೋಮೋಲಾರ್ ಅನ್ನು 12 ಗ್ರಾಂ ತುಂಬಿದ ಮೇಲೆ ಕೊಟ್ಟರೆ ಗ್ರಾಂಗೆ 8.3. ಹತ್ತು ಪಟ್ಟು ವ್ಯತ್ಯಾಸ! ಒಂದು ಪ್ರಯೋಗಾಲಯದ ಡೋಸ್ ಇನ್ನೊಂದರಲ್ಲಿ ಕೋಶಗಳನ್ನು ಕಂದಾಗಿಸಿ ಕೊಲ್ಲುವುದಕ್ಕೆ ಬಹಳ ಸಲ ಇದೇ ಕಾರಣ.

ಹಾಗಾಗಿ ಮೊದಲು ಬೆಳವಣಿಗೆಯ ರೇಖೆ ಬೇಕು. ಒಂದೇ ಬ್ಯಾಚಿನ 24 ಫ್ಲಾಸ್ಕ್ ಶುರು ಮಾಡಿ, 0, 3, 6, 9, 12, 15, 18, 21ನೇ ದಿನ ಮೂರು ಮೂರು ತೆಗೆಯಿರಿ. ಹಸಿತೂಕ, ಒಣತೂಕ, ಪಿಎಚ್, ಮೀಡಿಯಾದ ಕಂಡಕ್ಟಿವಿಟಿ, ಉಳಿದ ಸಕ್ಕರೆ ಬರೆದಿಡಿ. ಕೋಶ ಲವಣ ಹೀರಿದಷ್ಟೂ ಕಂಡಕ್ಟಿವಿಟಿ ಇಳಿಯುತ್ತದೆ, ಹಾಗಾಗಿ ಫ್ಲಾಸ್ಕಿನ ಕೋಶವನ್ನು ಹಾಳು ಮಾಡದೆ ಬೆಳವಣಿಗೆ ಅಂದಾಜು ಮಾಡಲು ಅದು ಸುಲಭದ ಅಳತೆ. ಸಕ್ಕರೆ ಅಳೆಯುವಾಗ ಸುಕ್ರೋಸ್ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಕೋಶದ ಹೊರಗಿನ ಇನ್ವರ್ಟೇಸ್ ಅದನ್ನು ಕೆಲವೇ ದಿನದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದಿರುತ್ತದೆ. ಮೂರನ್ನೂ ಕೂಡಿಸಿ.

ಒಣತೂಕಕ್ಕೆ ತೆಗೆದ ಕೋಶವನ್ನು ಫಿಲ್ಟರ್ ಮೇಲೆಯೇ ನೀರಿನಿಂದ ಎರಡು ಸಲ ತೊಳೆಯಿರಿ. ತೊಳೆಯದಿದ್ದರೆ ಅಂಟಿಕೊಂಡ ಸಕ್ಕರೆಯೂ ತೂಕಕ್ಕೆ ಸೇರುತ್ತದೆ, ಗ್ರಾಂ ಲೆಕ್ಕದ ಆಲ್ಕಲಾಯ್ಡ್ ಕಡಿಮೆ ಕಾಣುತ್ತದೆ. ಆಲ್ಕಲಾಯ್ಡ್‌ಗೆ ಬೇಕಾದ ಭಾಗವನ್ನು ಫ್ರೀಜ್ ಡ್ರೈ ಮಾಡುವುದೇ ಸರಿ.

ರೇಖೆಯಲ್ಲಿ ಏರುವ ಹಂತ ಮುಗಿಯುತ್ತಾ ಬಂದಿರಬೇಕು, ಸಕ್ಕರೆ ಇನ್ನೂ ಪೂರ್ತಿ ಖಾಲಿ ಆಗಿರಬಾರದು. ಎಲಿಸಿಟರ್‌ಗೆ ಆ ಹೊತ್ತು. ಸಕ್ಕರೆ ಮುಗಿದ ಮೇಲೆ ಕೊಟ್ಟರೆ ಕೋಶದ ಬಳಿ ಕಾರ್ಬನ್ನೂ ಇಲ್ಲ, ಶಕ್ತಿಯೂ ಇಲ್ಲ. ಸಂಕೇತ ಸಿಕ್ಕರೂ ಕಟ್ಟುವುದಕ್ಕೆ ಸಾಮಾನಿಲ್ಲ.

ಬಿಳಿಬೇರು

ವಿನ್‌ಬ್ಲಾಸ್ಟಿನ್ ಪ್ರಶ್ನೆಗೆ ನೇರ ಉತ್ತರ: ಈ ಸಸ್ಪೆನ್ಷನ್‌ನಿಂದ ಆಗುವುದಿಲ್ಲ. ಅದು ಕ್ಯಾಥರಾಂಥಿನ್ ಮತ್ತು ವಿಂಡೋಲಿನ್ ಕೂಡಿ ಆಗುವ ಅಣು. ಕ್ಯಾಥರಾಂಥಿನ್ ಕಲ್ಚರ್‌ನಲ್ಲಿ ಬರಬಹುದು. ವಿಂಡೋಲಿನ್‌ನ ಕೊನೆಯ ಹೆಜ್ಜೆಗಳು ಬೆಳಕು ಬಿದ್ದ ಎಲೆಯಲ್ಲಿ, ಇಡಿಯೋಬ್ಲಾಸ್ಟ್ ಮತ್ತು ಲ್ಯಾಟಿಸಿಫರ್ ಎಂಬ ವಿಶೇಷ ಕೋಶಗಳಲ್ಲಿ ನಡೆಯುತ್ತವೆ. ರೂಪುಗೊಳ್ಳದ ಕೋಶರಾಶಿಯಲ್ಲಿ ಆ ಕೋಶಗಳೇ ಇಲ್ಲ. ಎಷ್ಟು ಜಾಸ್ಮೊನೇಟ್ ಸುರಿದರೂ ಇಲ್ಲದ ಕೋಣೆಯಲ್ಲಿ ಅಡುಗೆ ಮಾಡಿಸಲಾಗದು. ಹೇರಿ ರೂಟ್‌ನಲ್ಲೂ (ಅಗ್ರೊಬ್ಯಾಕ್ಟೀರಿಯಂ ತಗುಲಿಸಿ ಬೆಳೆಸುವ ಬೇರಿನ ಕಲ್ಚರ್) ಇದೇ ಕಥೆ: ಅಜ್ಮಲಿಸಿನ್, ಸರ್ಪೆಂಟಿನ್, ಕ್ಯಾಥರಾಂಥಿನ್, ಟ್ಯಾಬರ್ಸೊನಿನ್ ಸಿಗುತ್ತವೆ, ವಿಂಡೋಲಿನ್ ಇಲ್ಲ. ಎಲೆಯಿಂದ ತೆಗೆದ ವಿಂಡೋಲಿನ್ ಜೊತೆ ಕ್ಯಾಥರಾಂಥಿನ್ ಅನ್ನು ರಾಸಾಯನಿಕವಾಗಿ ಜೋಡಿಸುವ ದಾರಿ ಬೇರೆಯೇ ಇದೆ.

ಯಾವ ಸಂಯುಕ್ತ ಬೇಕೋ ಅದು ಗಿಡದ ಯಾವ ಭಾಗದಲ್ಲಿ ತಯಾರಾಗುತ್ತದೆ (ಶೇಖರವಾಗುವ ಜಾಗವಲ್ಲ, ತಯಾರಾಗುವ ಜಾಗ) ಎಂದು ಮೊದಲೇ ಕೇಳಿಕೊಳ್ಳಬೇಕು. ಟ್ರೋಪೇನ್ ಆಲ್ಕಲಾಯ್ಡ್ ಬೇರಿನಲ್ಲಿ ತಯಾರಾಗಿ ಎಲೆಗೆ ಏರುತ್ತದೆ. ಅದಕ್ಕೇ ಅಲ್ಲಿ ಬೇರಿನ ಕಲ್ಚರ್ ಗೆಲ್ಲುತ್ತದೆ, ಕ್ಯಾಲಸ್ ಸೋಲುತ್ತದೆ.

ಲ್ಯಾಮಿನಾರ್

ನಿಮ್ಮ ಮೀಡಿಯಾದಲ್ಲೇ ಬ್ರೇಕ್ ಇದೆ, ಅದು 2,4-ಡಿ. ಕೋಶ ಹೆಚ್ಚಿಸಲು ಅದರಷ್ಟು ಒಳ್ಳೆಯ ಆಕ್ಸಿನ್ ಇಲ್ಲ. ಕಾಶಿಕಣಗಿಲೆಯಲ್ಲಿ ಆಲ್ಕಲಾಯ್ಡ್ ದಾರಿಯನ್ನು ಅದುಮಿಡುವುದೂ ಅದೇ. ಬ್ರೇಕ್ ಒತ್ತಿಕೊಂಡೇ ಆಕ್ಸಿಲರೇಟರ್ ತುಳಿದ ಹಾಗಾಗಿದೆ.

ಎರಡು ಹಂತ ಮಾಡಿ. ಮೊದಲ ಹಂತ ಈಗಿನ ಮೀಡಿಯಾವೇ ಇರಲಿ, ಬರೀ ಬೆಳೆಸಲು. ಎರಡನೆಯದು ಉತ್ಪಾದನಾ ಮೀಡಿಯಾ: ಎಂಎಸ್, ಸುಕ್ರೋಸ್ ಲೀಟರ್‌ಗೆ 50 ಗ್ರಾಂ, 2,4-ಡಿ ಬೇಡ, ಬದಲಿಗೆ ಬೇರೆ ಹಾರ್ಮೋನುಗಳು: ಐಎಎ 1 ಮೈಕ್ರೋಮೋಲಾರ್ (0.175 ಮಿ.ಗ್ರಾಂ), ಬಿಎಪಿ 5 ಮೈಕ್ರೋಮೋಲಾರ್ (1.13 ಮಿ.ಗ್ರಾಂ). ಐಎಎ ಬಿಸಿಗೂ ಬೆಳಕಿಗೂ ಹಾಳಾಗುತ್ತದೆ, ಆಟೋಕ್ಲೇವ್ ಆದ ಮೇಲೆ ಫಿಲ್ಟರ್ ಮಾಡಿ ಸೇರಿಸಿ. 50 ಗ್ರಾಂ ಸಕ್ಕರೆಯ ಮೀಡಿಯಾವನ್ನು 121 ಡಿಗ್ರಿಯಲ್ಲಿ ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಹಳದಿಗೆ ತಿರುಗುತ್ತದೆ. ಸಣ್ಣ ಫ್ಲಾಸ್ಕಿಗೆ 15ರಿಂದ 20 ನಿಮಿಷ ಸಾಕು.

ವರ್ಗಾಯಿಸುವಾಗ ಹಳೆಯ ಮೀಡಿಯಾ ಜೊತೆಗೆ ಬಂದರೆ 2,4-ಡಿ ಕೂಡ ಬರುತ್ತದೆ. ಸ್ಟೆರೈಲ್ ನೈಲಾನ್ ಜಾಲರಿಯ ಮೇಲೆ ಕೋಶ ಬಸಿದು, ಹಾರ್ಮೋನಿಲ್ಲದ ಮೀಡಿಯಾದಲ್ಲಿ ಎರಡು ಸಲ ತೊಳೆದು, 50 ಮಿ.ಲೀ.ಗೆ 5 ಗ್ರಾಂ ಹಸಿತೂಕ ಹಾಕಿ. ಜೋರಾಗಿ ಹೀರುವ ಪಂಪ್ ಹಚ್ಚಿ ಒಣಗಿಸಬೇಡಿ, ಕೋಶ ಒಡೆಯುತ್ತದೆ.

ಫಾಸ್ಫೇಟ್ ಮೇಲೂ ಕಣ್ಣಿರಲಿ. ಎಂಎಸ್‌ನಲ್ಲಿರುವುದು 1.25 ಮಿಲಿಮೋಲಾರ್. ಕೋಶ ಅದನ್ನು ಮೊದಲ ಒಂದೆರಡು ದಿನದಲ್ಲೇ ಹೀರಿ ವ್ಯಾಕ್ಯುಯೋಲ್‌ನಲ್ಲಿ ಕೂಡಿಟ್ಟುಕೊಂಡು ವಿಭಜನೆಗೆ ಇಳಿಯುತ್ತದೆ. ಉತ್ಪಾದನಾ ಹಂತದಲ್ಲಿ ಫಾಸ್ಫೇಟ್ ತೆಗೆದ ಮೀಡಿಯಾ, ಕಾಲು ಭಾಗ ಇರುವ ಮೀಡಿಯಾ ಎರಡನ್ನೂ ಹೋಲಿಸಿ ನೋಡಿ.

ಗುಳ್ಳೆಗೋಪುರ

ಎರಡು ಹಂತದ ಉಪಾಯಕ್ಕೆ ಹಳೆಯ, ಗಟ್ಟಿ ಉದಾಹರಣೆ ಶಿಕೊನಿನ್ ಎಂಬ ಕೆಂಪು ಬಣ್ಣ. ಜಪಾನಿನ ಮಿತ್ಸುಯಿ ಪೆಟ್ರೋಕೆಮಿಕಲ್ 1983ರಲ್ಲಿ ಲಿಥೊಸ್ಪರ್ಮಮ್ ಎರಿತ್ರೊರೈಜಾನ್ ಕೋಶಗಳಿಂದ ಅದನ್ನು ಮಾರುಕಟ್ಟೆಗೆ ತಂದಿತು. ಬೆಳವಣಿಗೆಗೆ ಒಂದು ಮೀಡಿಯಾ, ಉತ್ಪಾದನೆಗೆ ಎಂ-9 ಎಂಬ ಇನ್ನೊಂದು. ಎಂ-9ರಲ್ಲಿ ಅಮೋನಿಯಂ ಇಲ್ಲ, ಸಾರಜನಕವೆಲ್ಲ ನೈಟ್ರೇಟ್. ಯಾಕೆಂದರೆ ಅಮೋನಿಯಂ ಇದ್ದರೆ ಆ ಕೋಶಗಳು ಶಿಕೊನಿನ್ ಮಾಡುವುದೇ ಇಲ್ಲ. ತಾಮ್ರವನ್ನು 1.2 ಮೈಕ್ರೋಮೋಲಾರ್‌ಗೆ ಏರಿಸಿದ್ದರು. ಎಂಎಸ್‌ನಲ್ಲಿ ಇರುವುದು 0.1 ಮಾತ್ರ. ಬೆಳಕು, 2,4-ಡಿ ಎರಡೂ ನಿಷಿದ್ಧ. ಅಲ್ಲಿ ಮೊದಲು ಮಾಡಿದ ಕೆಲಸ ಅಡ್ಡಿಗಳನ್ನು ಒಂದೊಂದಾಗಿ ತೆಗೆದದ್ದು.

ಹಾಗಂತ ಅಮೋನಿಯಂ ತೆಗೆಯುವುದನ್ನು ಎಲ್ಲ ಗಿಡಕ್ಕೂ ಅನ್ವಯಿಸಬೇಡಿ. ಎಂಎಸ್‌ನ ಒಟ್ಟು 60 ಮಿಲಿಮೋಲಾರ್ ಸಾರಜನಕ ಹಾಗೇ ಇಟ್ಟು, ಅಮೋನಿಯಂ–ನೈಟ್ರೇಟ್ ಪಾಲನ್ನು 20:40, 10:50, 0:60 ಅಂತ ಬದಲಿಸಿ ನೋಡಿ. ಪೂರ್ತಿ ನೈಟ್ರೇಟ್ ಆದಾಗ ಪಿಎಚ್ ಮೇಲೇರುತ್ತದೆ, ಅದು ಬೇರೆಯದೇ ಪರಿಣಾಮ ಕೊಡಬಹುದು. ಪಿಎಚ್ ಬರೆದಿಡದೆ ಈ ಹೋಲಿಕೆ ಮಾಡಬೇಡಿ.

ಹಸಿಕ್ಯಾಲಸ್

ಜಾಸ್ಮೊನೇಟ್ ಸ್ಟಾಕ್ ಸರಿಯಾಗಿ ಮಾಡುವುದು ಹೇಗೆ? ನೀರಿನಲ್ಲಿ ಎಣ್ಣೆಯ ಹನಿಯ ಹಾಗೆ ತೇಲುತ್ತಿದೆ.

ಲ್ಯಾಮಿನಾರ್

ನೇರವಾಗಿ ನೀರಿಗೆ ಹಾಕಬಾರದು. ಅಣುತೂಕ 224.3. 224 ಮಿ.ಗ್ರಾಂ ತೂಗಿ ಎಥನಾಲ್‌ನಲ್ಲಿ ಕರಗಿಸಿ 10 ಮಿ.ಲೀ. ಮಾಡಿದರೆ 100 ಮಿಲಿಮೋಲಾರ್ ಸ್ಟಾಕ್. ಎಥನಾಲ್ ತಡೆಯುವ ಪಿಟಿಎಫ್‌ಇ ಅಥವಾ ನೈಲಾನ್ 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಗಾಜಿನ ವಯಲ್‌ನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಇಡಿ. 50 ಮಿ.ಲೀ. ಕಲ್ಚರ್‌ಗೆ ಈ ಸ್ಟಾಕ್ 50 ಮೈಕ್ರೋಲೀಟರ್ ಹಾಕಿದರೆ 100 ಮೈಕ್ರೋಮೋಲಾರ್, ಎಥನಾಲ್ ಶೇ. 0.1. ಕಡಿಮೆ ಡೋಸ್‌ಗಳಿಗೆ ಸ್ಟಾಕನ್ನೇ ತೆಳುಮಾಡಿ, ಎಲ್ಲ ಫ್ಲಾಸ್ಕಿಗೂ 50 ಮೈಕ್ರೋಲೀಟರೇ ಹಾಕಿ. ಕಂಟ್ರೋಲ್‌ಗೆ ಬರೀ ಎಥನಾಲ್ 50 ಮೈಕ್ರೋಲೀಟರ್. ಇಲ್ಲದಿದ್ದರೆ ಎಥನಾಲ್‌ನ ಪರಿಣಾಮವೂ ಜಾಸ್ಮೊನೇಟ್‌ನ ಹೆಸರಿಗೆ ಬೀಳುತ್ತದೆ.

ಸ್ಯಾಲಿಸಿಲಿಕ್ ಆಸಿಡ್ ಅನ್ನು ಜೊತೆಗೇ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಅನೇಕ ಗಿಡಗಳಲ್ಲಿ ಸ್ಯಾಲಿಸಿಲೇಟ್ ಸಂಕೇತ ಜಾಸ್ಮೊನೇಟ್ ಸಂಕೇತವನ್ನು ಅದುಮುತ್ತದೆ. ಮೊದಲು ಒಂದೊಂದನ್ನೇ ಪ್ರತ್ಯೇಕವಾಗಿ ನೋಡಿ. ಬಳಸುವುದಾದರೆ 138 ಮಿ.ಗ್ರಾಂ 10 ಮಿ.ಲೀ. ಎಥನಾಲ್‌ನಲ್ಲಿ, ಅದೇ 100 ಮಿಲಿಮೋಲಾರ್ ಲೆಕ್ಕ.

ಬಿಳಿಬೇರು

ಕೈಟೊಸಾನ್ ಕೂಡ ಎಲಿಸಿಟರ್‌ಗಳ ಪಟ್ಟಿಯಲ್ಲಿರಲಿ, ಆದರೆ ಅದನ್ನು ಕರಗಿಸುವಲ್ಲೇ ಬಹಳಷ್ಟು ಜನ ಎಡವುತ್ತಾರೆ. 1 ಗ್ರಾಂ ಕೈಟೊಸಾನ್‌ಗೆ 2 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಸಿಡ್ ಹನಿಹನಿಯಾಗಿ, 60 ಡಿಗ್ರಿಯಲ್ಲಿ ಕಾಲು ಗಂಟೆ ಕಲಕುತ್ತಾ ಹಾಕಿ. ನೀರು ಸೇರಿಸಿ 100 ಮಿ.ಲೀ.ಗೆ ತನ್ನಿ, ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 5.7ಕ್ಕೆ ಏರಿಸಿ ಆಟೋಕ್ಲೇವ್ ಮಾಡಿ. ಪಿಎಚ್ 6 ದಾಟಿದರೆ ಬಿಳಿ ದಾರದಂತೆ ಹೊರಬೀಳುತ್ತದೆ. ಆಮೇಲೆ ಹಾಕಿದ್ದು ಎಷ್ಟು, ಕೋಶಕ್ಕೆ ಸಿಕ್ಕಿದ್ದು ಎಷ್ಟು ಯಾರಿಗೂ ಗೊತ್ತಿರುವುದಿಲ್ಲ. 50 ಮಿ.ಲೀ.ಗೆ ಈ ಸ್ಟಾಕ್ ಅರ್ಧ ಮಿ.ಲೀ. ಅಂದರೆ ಲೀಟರ್‌ಗೆ 100 ಮಿ.ಗ್ರಾಂ. ಕಂಟ್ರೋಲ್‌ಗೆ ಅಷ್ಟೇ ಅಸಿಟೇಟ್ ದ್ರಾವಣ, ಅದೇ ಪಿಎಚ್‌ನದು.

ಯೀಸ್ಟ್ ಎಕ್ಸ್‌ಟ್ರಾಕ್ಟ್ ಅನ್ನು ಡಬ್ಬಿಯಿಂದ ತೆಗೆದು ಹಾಗೇ ಹಾಕಿದರೆ ಅಮೈನೋ ಆಮ್ಲ, ವಿಟಮಿನ್ ಎಲ್ಲ ಮೀಡಿಯಾಕ್ಕೆ ಸೇರುತ್ತವೆ. ಬೆಳವಣಿಗೆ ಏರಿದ್ದನ್ನು ಎಲಿಸಿಟೇಷನ್ ಅಂದುಕೊಳ್ಳುವ ಅಪಾಯವಿದೆ. 50 ಗ್ರಾಂ ಅನ್ನು 250 ಮಿ.ಲೀ. ನೀರಿನಲ್ಲಿ ಕರಗಿಸಿ, ಎಥನಾಲ್ ಶೇ. 80 ಆಗುವಷ್ಟು ಸೇರಿಸಿ, 6 ಡಿಗ್ರಿಯಲ್ಲಿ ನಾಲ್ಕು ದಿನ ಬಿಡಿ. ತಳದಲ್ಲಿ ನಿಂತ ಅಂಟನ್ನು ಮತ್ತೆ ನೀರಲ್ಲಿ ಕರಗಿಸಿ ಇನ್ನೊಮ್ಮೆ ಹಾಗೇ ಮಾಡಿ. ಎರಡನೇ ಸಲದ ಅಂಟೇ ಎಲಿಸಿಟರ್.

ಪೀಕ್_ಏರಿಯಾ

ಅಳತೆಯ ವಿಚಾರ ಪೂರ್ತಿ ಮಾಡುತ್ತೇನೆ. ಒಣಪುಡಿ 100 ಮಿ.ಗ್ರಾಂ, ಮೆಥನಾಲ್ 10 ಮಿ.ಲೀ., ಸೋನಿಕೇಟರ್‌ನಲ್ಲಿ 30 ನಿಮಿಷ. ಬಾತ್ ಬಿಸಿಯಾಗುತ್ತದೆ, ಐಸ್ ಹಾಕಿ 40 ಡಿಗ್ರಿ ಒಳಗೇ ಇಡಿ. ಹೀಗೆ ಮೂರು ಸಲ, ಮೂರನ್ನೂ ಕೂಡಿಸಿ. ಒಂದೇ ಸಲ ತೆಗೆದು ನಿಲ್ಲಿಸಿದರೆ ಎಲಿಸಿಟರ್ ಹಾಕಿದ ಸ್ಯಾಂಪಲ್‌ಗೆ ಹೆಚ್ಚು ಅನ್ಯಾಯ. ಆಲ್ಕಲಾಯ್ಡ್ ಜಾಸ್ತಿ ಇದ್ದದ್ದರಲ್ಲಿ ಉಳಿಯುವುದೂ ಜಾಸ್ತಿ.

ಎಷ್ಟು ಕೈಗೆ ಬರುತ್ತಿದೆ ಎಂದು ತಿಳಿಯಲು, ಕೆಲವು ಸ್ಯಾಂಪಲ್‌ಗೆ ತೆಗೆಯುವ ಮೊದಲೇ ಗೊತ್ತಿರುವಷ್ಟು ಶುದ್ಧ ಅಜ್ಮಲಿಸಿನ್ ಸೇರಿಸಿ ನೋಡಿ. ಮೆಥನಾಲ್ ಸಾರವನ್ನು ಬೆಳಕಿಗೆ ಬಿಡಬೇಡಿ, ಕಂದು ವಯಲ್ ಬಳಸಿ. ಎಚ್‌ಪಿಎಲ್‌ಸಿಯ (ದ್ರವ ಕ್ರೊಮ್ಯಾಟೋಗ್ರಫಿ ಯಂತ್ರ) ಸಿ18 ಕಾಲಮ್‌ನಲ್ಲಿ ಆಲ್ಕಲಾಯ್ಡ್ ಪೀಕ್ ಬಾಲ ಎಳೆದರೆ ಮೊಬೈಲ್ ಫೇಸ್‌ಗೆ ಸ್ವಲ್ಪ ಟ್ರೈಎಥೈಲಮೈನ್ ಸೇರಿಸುವುದು ರೂಢಿ. ಬಾಲದ ಪೀಕನ್ನು ಸಾಫ್ಟ್‌ವೇರ್ ಎಲ್ಲಿ ಕತ್ತರಿಸಿದೆ ಅಂತ ಕಣ್ಣಾರೆ ನೋಡಿ.

ಹಸಿಕ್ಯಾಲಸ್

ಪ್ರಿಕರ್ಸರ್ (ಆಲ್ಕಲಾಯ್ಡ್ ಕಟ್ಟಲು ಬೇಕಾದ ಕಚ್ಚಾ ಅಣು) ಕೊಡುವುದು? ಟ್ರಿಪ್ಟೊಫಾನ್ ಅಗ್ಗದಲ್ಲಿ ಸಿಗುತ್ತದೆ.

ಬಿಳಿಬೇರು

ಅಗ್ಗ ಅಂತ ಕೊಟ್ಟರೆ ಪ್ರಯೋಜನವಿಲ್ಲ. ಅಜ್ಮಲಿಸಿನ್‌ಗೆ ಎರಡು ಕವಲು ಸೇರಬೇಕು: ಟ್ರಿಪ್ಟೊಫಾನ್‌ನಿಂದ ಟ್ರಿಪ್ಟಮಿನ್ ಒಂದು ಕಡೆ, ಲೊಗಾನಿನ್ ಮೂಲಕ ಸೆಕೊಲೊಗಾನಿನ್ ಇನ್ನೊಂದು ಕಡೆ. ಕೋಶಗಳಲ್ಲಿ ಸಾಮಾನ್ಯವಾಗಿ ಕೊರತೆಯಿರುವುದು ಈ ಎರಡನೇ ಕವಲಿನದು. ಇದಕ್ಕೆ ಒಳ್ಳೆಯ ಸಾಕ್ಷಿ 2000ನೇ ಇಸವಿಯಲ್ಲಿ ಪ್ರಕಟವಾದ ಓರ್ಕಾ3 ಕೆಲಸ. ಜಾಸ್ಮೊನೇಟ್‌ಗೆ ಸ್ಪಂದಿಸುವ ಆ ನಿಯಂತ್ರಕ ಜೀನನ್ನು ಜೋರಾಗಿ ಓಡಿಸಿದಾಗ ದಾರಿಯ ಹಲವು ಎಂಜೈಮ್‌ಗಳು ಏರಿದವು. ಆದರೆ ಲೊಗಾನಿನ್ ಹೊರಗಿನಿಂದ ಕೊಟ್ಟಾಗ ಮಾತ್ರ ಆಲ್ಕಲಾಯ್ಡ್ ಹೆಚ್ಚಿತು.

ಪರೀಕ್ಷೆ ಸುಲಭ. ಎಲಿಸಿಟರ್ ಕೊಡುವ ದಿನವೇ ನಾಲ್ಕು ಗುಂಪು: ಏನೂ ಇಲ್ಲ, ಟ್ರಿಪ್ಟಮಿನ್ ಮಾತ್ರ, ಲೊಗಾನಿನ್ ಮಾತ್ರ, ಎರಡೂ. 0.2ರಿಂದ 0.5 ಮಿಲಿಮೋಲಾರ್ ಒಳಗಿರಲಿ. ಟ್ರಿಪ್ಟಮಿನ್ ಹೆಚ್ಚಾದರೆ ಕೋಶಕ್ಕೆ ವಿಷ. ಲೊಗಾನಿನ್ ದುಬಾರಿ, ಹಾಗಾಗಿ ಉತ್ಪಾದನೆಗೆ ಬಳಸುವಂಥದ್ದಲ್ಲ. ತಡೆ ಎಲ್ಲಿದೆ ಎಂದು ತೋರಿಸಿಕೊಟ್ಟರೆ ಅದರ ಕೆಲಸ ಮುಗಿಯಿತು.

ತಡೆಯನ್ನು ಎರಡೂ ತುದಿಯಲ್ಲಿ ತೆಗೆದರೆ ಏನಾಗುತ್ತದೆ ಎನ್ನುವುದಕ್ಕೆ ಹಯೊಸಯಾಮಸ್ ನೈಗರ್ ಎಂಬ ಗಿಡದ ಹೇರಿ ರೂಟ್ ನೋಡಿ. ದಾರಿಯ ಶುರುವಿನ ಪಿಎಂಟಿ, ಕೊನೆಯ ಎಚ್6ಎಚ್ ಎರಡೂ ಜೀನ್‌ಗಳನ್ನು ಒಟ್ಟಿಗೆ ಹಾಕಿದ ಬೇರು 2004ರ ವರದಿಯಲ್ಲಿ ಲೀಟರ್‌ಗೆ 411 ಮಿ.ಗ್ರಾಂ ಸ್ಕೊಪೊಲಮಿನ್ (ಒಂದು ಟ್ರೋಪೇನ್ ಆಲ್ಕಲಾಯ್ಡ್) ಕೊಟ್ಟಿತು. ಸಾಮಾನ್ಯ ಬೇರಿಗಿಂತ ಒಂಬತ್ತು ಪಟ್ಟಿಗೂ ಹೆಚ್ಚು.

ಗುಳ್ಳೆಗೋಪುರ

ಎಲ್ಲರೂ ಮರೆಯುವುದು ಉತ್ಪನ್ನವನ್ನು ಹೊರಗೆಳೆಯುವ ಉಪಾಯ. ಅಂಬರ್‌ಲೈಟ್ ಎಕ್ಸ್‌ಎಡಿ-7 ರೆಸಿನ್ (ಆಲ್ಕಲಾಯ್ಡ್ ಹೀರಿಕೊಳ್ಳುವ ಮಣಿಗಳು) ಕಾಶಿಕಣಗಿಲೆ ಸಸ್ಪೆನ್ಷನ್‌ಗೆ ಒಪ್ಪುತ್ತದೆ. ಮೆಥನಾಲ್‌ನಲ್ಲಿ ಚೆನ್ನಾಗಿ ತೊಳೆದು, ಆಮೇಲೆ ನೀರಲ್ಲಿ ತೊಳೆದು, ನೈಲಾನ್ ಜಾಲರಿಯ ಪುಟ್ಟ ಚೀಲದಲ್ಲಿ ಹೊಲಿದು ನೀರಿನೊಳಗೇ ಆಟೋಕ್ಲೇವ್ ಮಾಡಿ ಇಳಿಬಿಡಿ. ಚೀಲವಿಲ್ಲದೆ ಬಿಟ್ಟರೆ ರೆಸಿನ್ ಮಣಿ ಮತ್ತು ಕೋಶ ಬೇರೆ ಮಾಡುವುದು ನರಕಯಾತನೆ, ಒಣತೂಕವೂ ಸುಳ್ಳಾಗುತ್ತದೆ. ಎಚ್ಚರಿಕೆ: ರೆಸಿನ್ ಹಾರ್ಮೋನನ್ನೂ ಜಾಸ್ಮೊನೇಟನ್ನೂ ಹೀರಿಕೊಳ್ಳುತ್ತದೆ. ಎಲಿಸಿಟರ್ ಕೊಟ್ಟು 24 ಗಂಟೆ ಕಳೆದ ಮೇಲೆ ಇಳಿಸಿ.

ದೊಡ್ಡದು ಮಾಡುವ ಯೋಚನೆಯಿದ್ದರೆ ಈಗಲೇ ಹೇಳಿಬಿಡುತ್ತೇನೆ. ಸಸ್ಯಕೋಶಕ್ಕೆ ಆಮ್ಲಜನಕ ಸೂಕ್ಷ್ಮಾಣುಗಳಷ್ಟು ಬೇಡ. ಗಾಳಿ ಹೆಚ್ಚು ಊದಿದರೆ ಕರಗಿದ ಕಾರ್ಬನ್ ಡೈಆಕ್ಸೈಡ್, ಎಥಿಲೀನ್ ಎರಡೂ ಹಾರಿಹೋಗಿ ಬೆಳವಣಿಗೆ ಕುಗ್ಗುತ್ತದೆ, ನೊರೆಯ ಜೊತೆ ಕೋಶ ಮೇಲೇರಿ ಗೋಡೆಗೆ ಒಣಗಿ ಅಂಟಿಕೊಳ್ಳುತ್ತದೆ. ನಿಮಿಷಕ್ಕೆ ದ್ರವದ ಗಾತ್ರದ 0.1ರಿಂದ 0.3 ಪಾಲು ಗಾಳಿಯಿಂದ ಶುರು ಮಾಡಿ. ಒಂದು ಬ್ಯಾಚ್ ಎರಡು ಮೂರು ವಾರ ಓಡುವುದರಿಂದ ಒಂದೇ ಒಂದು ಬ್ಯಾಕ್ಟೀರಿಯಾ ನುಸುಳಿದರೂ ಗೆಲ್ಲುವುದು ಅದೇ. ಇಷ್ಟಿದ್ದರೂ ದೊಡ್ಡದು ಅಸಾಧ್ಯವೇನಲ್ಲ: ಫೈಟನ್ ಬಯೋಟೆಕ್ ಪ್ಯಾಕ್ಲಿಟ್ಯಾಕ್ಸೆಲ್‌ಗಾಗಿ ಟ್ಯಾಕ್ಸಸ್ ಕೋಶಗಳನ್ನು ಬೆಳೆಸುವ ಜರ್ಮನಿಯ ಘಟಕದಲ್ಲಿ 75,000 ಲೀಟರ್‌ವರೆಗಿನ ಟ್ಯಾಂಕ್‌ಗಳಿವೆ.

ಹಸಿಕ್ಯಾಲಸ್

ಕ್ಯಾಲಸ್ ಎರಡು ವರ್ಷದಿಂದ ಸಬ್‌ಕಲ್ಚರ್ ಆಗುತ್ತಿದೆ. ಅದೂ ಕಾರಣವಿರಬಹುದೇ?

ಲ್ಯಾಮಿನಾರ್

ಖಂಡಿತ ಇರಬಹುದು. ಬೇಗ ವಿಭಜಿಸುವ ಕೋಶವೇ ಪ್ರತಿ ಸಬ್‌ಕಲ್ಚರ್‌ನಲ್ಲಿ ಗೆಲ್ಲುತ್ತಾ ಹೋಗುತ್ತದೆ, ಆಲ್ಕಲಾಯ್ಡ್ ಮಾಡುತ್ತಾ ಕೂತ ಕೋಶ ಹಿಂದೆ ಬೀಳುತ್ತದೆ. ಹೊಸ ಎಲೆಯಿಂದ ಹೊಸ ಕ್ಯಾಲಸ್ ಎಬ್ಬಿಸಿ ಪಕ್ಕದಲ್ಲಿಟ್ಟು ಅಳೆಯಿರಿ. ಕ್ಯಾಲಸ್‌ನ ಪುಟ್ಟ ಪುಟ್ಟ ಗುಡ್ಡೆಗಳಿಗೆ ನಂಬರ್ ಕೊಟ್ಟು, ಪ್ರತಿಯೊಂದರ ಅರ್ಧವನ್ನು ಅಳೆದು ಅರ್ಧವನ್ನು ಬೆಳೆಸಿ, ಹೆಚ್ಚು ಕೊಟ್ಟದ್ದನ್ನು ಆರಿಸಿ. ಮೂರು ನಾಲ್ಕು ಸುತ್ತು ಹೀಗೆ ಮಾಡಿ, ಒಳ್ಳೆಯದು ಸಿಕ್ಕ ಕೂಡಲೇ ದ್ರವ ಸಾರಜನಕದಲ್ಲಿ ಭದ್ರಮಾಡಿ.

ಮುಂದಿನ ಪ್ರಯೋಗ ಹೀಗಿರಲಿ. ಬೆಳವಣಿಗೆಯ ರೇಖೆ ಮುಗಿಸಿ ದಿನ ಗೊತ್ತುಮಾಡಿಕೊಂಡ ಮೇಲೆ ತೊಳೆದ ಕೋಶಗಳನ್ನು ಉತ್ಪಾದನಾ ಮೀಡಿಯಾಕ್ಕೆ ಹಾಕಿ, ಎರಡು ದಿನ ಹೊಂದಿಕೊಳ್ಳಲು ಬಿಡಿ. ಜಾಸ್ಮೊನೇಟ್ 0, 25, 50, 100 ಮೈಕ್ರೋಮೋಲಾರ್. ಹಾರ್ವೆಸ್ಟ್ 48, 96, 144 ಗಂಟೆಗೆ. ಪ್ರತಿಯೊಂದಕ್ಕೂ ಮೂರು, ಒಟ್ಟು 36 ಫ್ಲಾಸ್ಕ್. ಪ್ರತಿ ಫ್ಲಾಸ್ಕಿಂದ ಒಂದು ಹನಿಗೆ ಇವಾನ್ಸ್ ಬ್ಲೂ ಹಾಕಿ ಸತ್ತ ಕೋಶ ಎಣಿಸಿ. ನೀಲಿಯಾದದ್ದು ಸತ್ತದ್ದು. ಕೋಶ, ಮೀಡಿಯಾ ಎರಡರಲ್ಲೂ ಅಜ್ಮಲಿಸಿನ್ ಮತ್ತು ಸರ್ಪೆಂಟಿನ್ ಅಳೆದು, ಲೀಟರ್‌ಗೆ ಎಷ್ಟು, ದಿನಕ್ಕೆ ಎಷ್ಟು ಎಂದು ಬರೆಯಿರಿ.

ಪೀಕ್_ಏರಿಯಾ

ಒಂದು ಸೇರಿಸುತ್ತೇನೆ. ಮೀಥೈಲ್ ಜಾಸ್ಮೊನೇಟ್ ಆವಿಯಾಗುತ್ತದೆ. ಹತ್ತಿಯ ಪ್ಲಗ್ ಇರುವ ಫ್ಲಾಸ್ಕ್‌ಗಳನ್ನು ಒಂದೇ ಮುಚ್ಚಿದ ಶೇಕರ್‌ನಲ್ಲಿ ಇಟ್ಟರೆ ಅದು ಪಕ್ಕದ ಕಂಟ್ರೋಲ್‌ಗೂ ತಲುಪಿ, ಕಂಟ್ರೋಲ್‌ನ ಅಂಕಿ ಮೇಲೇರುತ್ತದೆ. ನಿಮ್ಮ ಕಂಟ್ರೋಲ್ ಎಲ್ಲಿತ್ತು?

ಹಸಿಕ್ಯಾಲಸ್

ಅದೇ ಶೇಕರ್‌ನಲ್ಲಿ, ಅದೇ ಸಾಲಿನಲ್ಲಿ.

ಪೀಕ್_ಏರಿಯಾ

ಹಾಗಾದರೆ 0.8 ಎಂಬ ಅಂಕಿಯನ್ನೂ ನಂಬುವ ಹಾಗಿಲ್ಲ. ಕಂಟ್ರೋಲ್‌ಗಳಿಗೆ ಬೇರೆ ಶೇಕರ್, ಸಾಧ್ಯವಾದರೆ ಬೇರೆ ಕೋಣೆ. ಜಾಸ್ಮೊನೇಟ್ ಪಿಪೆಟ್ ಮಾಡುವುದು ಎಲ್ಲ ಕಂಟ್ರೋಲ್ ಫ್ಲಾಸ್ಕ್ ಮುಚ್ಚಿ ಹೊರಗೆ ಹೋದ ಮೇಲೆ, ಕೊನೆಯಲ್ಲಿ.